ಚಾಳಿಗೆ ಡಾಕ್ಟರ್, ವಾರ್ಡಿಗೆ ಬ್ರದರ್

ಮೊನ್ನೆ ರೇಷನ್ ಕಾರ್ಡು ಹುಡುಕಲು ಹೋಗಿ ಕಪಾಟಿನ ತಳದಿಂದ ಒಂದು ಪ್ಲಾಸ್ಟಿಕ್ ಫೈಲು ಎಳೆದೆ. ರೇಷನ್ ಕಾರ್ಡು ಅದರಲ್ಲಿ ಇರಲಿಲ್ಲ. ನಾನಿದ್ದೆ. ಪಾಸ್‌ಪೋರ್ಟ್ ಅಳತೆಯ ಎಂಟು ಫೋಟೋಗಳಲ್ಲಿ, ಸ್ಟುಡಿಯೋದವರದೇ ಟೈ ಕಟ್ಟಿಕೊಂಡು, ಎಂಟರಲ್ಲೂ ಒಂದೇ ಥರ ಬೆಚ್ಚಿಬಿದ್ದವನ ಹಾಗೆ ನೋಡುತ್ತಿದ್ದೆ. ಮೂಗಿನ ಕೆಳಗೆ ಮೀಸೆ. ನೀವು ಈಗ ಅಂದುಕೊಂಡಿರುವ ಮೀಸೆಗಿಂತ ಅದು ದೊಡ್ಡದು. ಮೀಸೆಯೇ ಫೋಟೋ ತೆಗೆಸಿಕೊಳ್ಳಲು ಬಂದು, ಒಬ್ಬನೇ ಬರಬಾರದೆಂದು ನನ್ನನ್ನೂ ಕರೆದುಕೊಂಡು ಬಂದ ಹಾಗೆ ಕಾಣುತ್ತಿತ್ತು. ವಯಸ್ಸು ಹೆಚ್ಚು ಕಾಣಲಿ, ಕೆಲಸ ಬೇಗ ಸಿಗಲಿ ಅಂತ ಕಾಲೇಜಿನ ಕೊನೆಯ ವರ್ಷ ನೀರೆರೆದು ಬೆಳೆಸಿದ ಮೀಸೆ ಅದು.

ಫೋಟೋಗಳ ಕೆಳಗೆ ನನ್ನ ಬಯೋಡೇಟಾದ ಪ್ರತಿಗಳಿದ್ದವು. ಹವ್ಯಾಸಗಳು: ಓದುವುದು ಮತ್ತು ಈಜುವುದು. ನನಗೆ ಈಜು ಬರುವುದಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಗೋವಾದಲ್ಲೇ ಆದರೂ ಸಮುದ್ರಕ್ಕೂ ನನಗೂ ಮೊಣಕಾಲಿನ ತನಕ ಮಾತ್ರ ಪರಿಚಯ. ತಿಳಿದಿರುವ ಭಾಷೆಗಳು: ಕನ್ನಡ, ಇಂಗ್ಲಿಷ್, ಹಿಂದಿ, ಮರಾಠಿ, ಕೊಂಕಣಿ. ಓದುತ್ತ ಹೋದರೆ ಇಂಥವನನ್ನು ಕೂಡಲೇ ಕೆಲಸಕ್ಕೆ ಇಟ್ಟುಕೊಳ್ಳಬೇಕು ಅಂತ ನನಗೇ ಅನ್ನಿಸಿತು. ಆ ವರ್ಷ ಮಾತ್ರ ಬೇರೆ ಯಾರಿಗೂ ಹಾಗೆ ಅನ್ನಿಸಲಿಲ್ಲ.

ನಮ್ಮದು ಸಾವರ್ಡೆ. ಅಪ್ಪ ಬಾದಾಮಿ ಕಡೆಯವನು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲಕ್ಕೆ ಬಂದು, ಗ್ಯಾರೇಜಿನಲ್ಲಿ ಲಾರಿಯ ಸ್ಪ್ರಿಂಗ್ ಪಾಟಾ ಬಿಚ್ಚಿ ಕಟ್ಟುವ ಕೆಲಸಕ್ಕೆ ನಿಂತ. ಗಣಿ ಮುಚ್ಚಿ ಲಾರಿಗಳು ನಿಂತವು, ಅಪ್ಪ ನಿಲ್ಲಲಿಲ್ಲ. ಅದೇ ಗ್ಯಾರೇಜಿನಲ್ಲಿ ಈಗ ಕಿಟಕಿಯ ಸರಳು ಬೆಸೆಯುತ್ತಾನೆ. ಅವ್ವ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಗೌಂಡಿಗಳು, ಹಮಾಲರು, ನಮ್ಮ ಕಡೆಯಿಂದ ದುಡಿಯಲು ಬಂದವರೆಲ್ಲ ಅವಳ ಗಿರಾಕಿಗಳು. ರೊಟ್ಟಿಯ ಜೊತೆ ಶೇಂಗಾ ಚಟ್ನಿ ಕೊಡುತ್ತಾಳೆ, ಚಟ್ನಿಯ ಜೊತೆ ಸುದ್ದಿ ಕೊಡುತ್ತಾಳೆ. ನಾವಿರುವುದು ಹನ್ನೆರಡು ಬಾಗಿಲಿನ ಚಾಳಿನಲ್ಲಿ. ಸಾಲು ಕೋಣೆಗಳು, ಮುಂದೆ ಒಂದೇ ಉದ್ದನೆಯ ಕಟ್ಟೆ. ಮೊದಲ ಬಾಗಿಲಿನಲ್ಲಿ ಕೆಮ್ಮಿದರೆ ಹನ್ನೆರಡನೆಯ ಬಾಗಿಲಿನಿಂದ ಶುಂಠಿ ಬರುತ್ತದೆ.

ನಾನು ಡಾಕ್ಟರಾದದ್ದು ಆ ಕಟ್ಟೆಯ ಮೇಲೆ. ಅದಕ್ಕೆ ಕಾಲೇಜಿನ ಅವಶ್ಯಕತೆಯೇ ಬೀಳಲಿಲ್ಲ.

ಬಾಗಲಕೋಟೆಯಲ್ಲಿ ನನಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ನಾನು ಟ್ರಂಕು ಹೊತ್ತುಕೊಂಡು ಹೋದ ಮರುದಿನ ಪಕ್ಕದ ಬಾಗಿಲಿನ ಕಮಲವ್ವ ರೊಟ್ಟಿಗೆ ಬಂದು ಅವ್ವನನ್ನು ಕೇಳಿದಳಂತೆ, “ಈರಣ್ಣ ಏನು ಕಲಿಯಾಕ ಹೋದನ?”

“ದವಾಖಾನಿ ಕೆಲಸ ಕಲಿಯಾಕ ಹೋಗ್ಯಾನ.”

“ಅಂದ್ರ ಡಾಕ್ಟರಾ?”

ಅವ್ವ ರೊಟ್ಟಿ ತಿರುವಿ ಹಾಕಿದಳು. ಕಮಲವ್ವನಿಗೆ ಅಷ್ಟು ಸಾಕಾಯಿತು. ವಾರದೊಳಗೆ ಚಾಳಿಗೆಲ್ಲ ಒಬ್ಬ ಡಾಕ್ಟರ್ ತಯಾರಾಗುತ್ತಿರುವ ಸುದ್ದಿ ಮುಟ್ಟಿತು.

ಇದರಲ್ಲಿ ನನ್ನದೇನೂ ತಪ್ಪಿಲ್ಲ ಅಂತ ಹೇಳಬಹುದಿತ್ತು, ರಜೆಗೆ ಬಂದಾಗ ನಾನು ನಡೆದುಕೊಂಡ ರೀತಿ ನಿಮಗೆ ಗೊತ್ತಿಲ್ಲದಿದ್ದರೆ. ಕಟ್ಟೆಯ ಮೇಲೆ ಕೂತರೆ ಸಾಕು, ಒಬ್ಬೊಬ್ಬರಾಗಿ ಬಂದು ನಾಲಿಗೆ ಚಾಚುತ್ತಿದ್ದರು. ನಾನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದೆ. ನಾಲಿಗೆಯಲ್ಲಿ ಏನು ನೋಡಬೇಕು ಅಂತ ಆಗ ನನಗಿನ್ನೂ ಯಾರೂ ಕಲಿಸಿರಲಿಲ್ಲ. ಆದರೂ ಬಾಯಿ ಮುಚ್ಚಿ ಅಂತ ಹೇಳಲು ಮನಸ್ಸು ಬರುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಒಂದೇ ಸಲಹೆ ಕೊಡುತ್ತಿದ್ದೆ: “ನೀರು ಭಾಳ ಕುಡೀರಿ.” ಇದರಿಂದ ಯಾರೂ ಸಾಯುವುದಿಲ್ಲ ಅಂತ ಲೆಕ್ಕ ಹಾಕಿದ್ದೆ. ಕಮಲವ್ವನ ಗಂಡ ಸಾಬಣ್ಣ ಮೇಸ್ತ್ರಿಯಂತೂ ನನ್ನ ಮಾತು ನಂಬಿ ಕೆಲಸಕ್ಕೆ ಹೋಗುವಾಗ ದೊಡ್ಡ ಬಾಟಲಿ ಒಯ್ಯತೊಡಗಿದ. “ಡಾಕ್ಟರ್ ಹೇಳ್ಯಾರ” ಅನ್ನುತ್ತಿದ್ದನಂತೆ. ಅವನಿಗೆ ಐವತ್ತೈದು, ನನಗೆ ಇಪ್ಪತ್ತು. ಆ ‘ಹೇಳ್ಯಾರ’ ಅನ್ನುವ ಬಹುವಚನ ಇತ್ತಲ್ಲ, ನನ್ನನ್ನು ಕೆಡಿಸಿದ್ದೇ ಅದು.

ಡಿಪ್ಲೊಮಾ ಮುಗಿಯಿತು, ಕೆಲಸ ಹುಡುಕುವ ಕಾಲ ಬಂತು. ಫೈಲು ಬಗಲಲ್ಲಿ ಇಟ್ಟುಕೊಂಡು ಮೊದಲು ಪಣಜಿಗೆ ಹೋದೆ. ದೊಡ್ಡ ಆಸ್ಪತ್ರೆ, ಬಾಗಿಲು ತಾನೇ ತೆರೆಯುತ್ತಿತ್ತು. ಸ್ವಾಗತದ ಮೇಜಿನ ಹಿಂದೆ ಇದ್ದ ಹುಡುಗಿ ನನ್ನ ಕಾಗದ ನೋಡಿ, ನನ್ನನ್ನು ನೋಡಿ, ಮತ್ತೆ ಕಾಗದ ನೋಡಿದಳು.

“ಇದು ಸ್ಟಾಫ್ ನರ್ಸ್ ಕೆಲಸ,” ಅಂದಳು ಹಿಂದಿಯಲ್ಲಿ.

“ನಾನು ಅದಕ್ಕೇ ಬಂದದ್ದು.”

“ನಿಮ್ಮ ತಂಗಿ ಬರಲಿಲ್ಲವೇ?”

ನನಗೆ ತಂಗಿ ಇಲ್ಲ. ಅದನ್ನು ಆಕೆಗೆ ಹೇಳಿದೆ. ಆಕೆಗೆ ಪಾಪ ಅನ್ನಿಸಿರಬೇಕು, ಕಾಗದ ಇಟ್ಟುಕೊಂಡಳು. ಆ ಆಸ್ಪತ್ರೆಯಿಂದ ಇವತ್ತಿಗೂ ಫೋನ್ ಬಂದಿಲ್ಲ.

ಎರಡನೆಯದು ವಾಸ್ಕೋದಲ್ಲಿ. ಕೊರ್ತಾಲಿಮ್‌ನಲ್ಲಿ ಇಳಿದು ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ ಮುಟ್ಟಿದೆ. ಅಂಗಳದಲ್ಲಿ ಹದಿನೈದು ಇಪ್ಪತ್ತು ಗಂಡಸರ ಸಾಲು. ನನ್ನಂಥ ಗಂಡು ನರ್ಸುಗಳು ಇಷ್ಟೊಂದು ಮಂದಿ ಇದ್ದಾರಲ್ಲ ಅಂತ ಎದೆ ತುಂಬಿ ಬಂತು. ಸಾಲಿನಲ್ಲಿ ನಿಂತೆ. ಒಳಗೆ ಒಬ್ಬ ನಿವೃತ್ತ ಮಿಲಿಟರಿಯವರ ಹಾಗಿದ್ದವರು ಕೂತಿದ್ದರು.

“ಎತ್ತರ?”

“ಐದು ಅಡಿ ಹನ್ನೊಂದು ಇಂಚು.”

“ಪಾಳಿ ಡ್ಯೂಟಿ ನಡೆಯುತ್ತದೆಯೇ?”

“ನಡೆಯುತ್ತದೆ ಸರ್.”

“ಜನ ಗದ್ದಲ ಮಾಡಿದರೆ ತಡೆಯುತ್ತೀಯಾ?”

ಐಸಿಯು ಮುಂದೆ ಸಂಬಂಧಿಕರು ನುಗ್ಗುವುದನ್ನು ತರಬೇತಿಯಲ್ಲಿ ನೋಡಿದ್ದೆ. “ಸಮಾಧಾನದಿಂದ ತಡೆಯುತ್ತೇನೆ ಸರ್,” ಅಂದೆ. ಅವರಿಗೆ ಉತ್ತರ ಹಿಡಿಸಿತು. ಟೇಪು ಹಿಡಿದು ನನ್ನ ಎದೆ ಅಳೆದರು. ಉಸಿರು ತುಂಬಿಸಿ ಮತ್ತೊಮ್ಮೆ ಅಳೆದರು. ಅಲ್ಲಿಗಾದರೂ ನನಗೆ ಹೊಳೆಯಬೇಕಿತ್ತು. ಸಾವಧಾನ್ ಅಂದಾಗ ಹಿಮ್ಮಡಿ ಕೂಡಿಸಿ ನಿಂತೂ ಬಿಟ್ಟೆ. ಒಳ್ಳೆಯ ಆಸ್ಪತ್ರೆ, ಶಿಸ್ತು ಇದೆ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಕೊನೆಗೆ ಅವರು ಖಾಕಿ ಅಂಗಿಯನ್ನೂ ಒಂದು ಸೀಟಿಯನ್ನೂ ಮೇಜಿನ ಮೇಲೆ ಇಟ್ಟಾಗಲೇ ನಾನು ವಾಚ್‌ಮನ್ ಕೆಲಸಕ್ಕೆ ಆಯ್ಕೆಯಾಗಿದ್ದೇನೆಂದು ತಿಳಿದದ್ದು. ನರ್ಸ್ ಅಂತ ಹೇಳಿದಾಗ ಅವರು ನನ್ನ ಮೀಸೆಯನ್ನು ನೋಡಿ ನಿಜವಾಗಿಯೂ ನೊಂದುಕೊಂಡರು. “ಯೋಚನೆ ಮಾಡು. ಇಲ್ಲಿ ಭವಿಷ್ಯ ಇದೆ,” ಅಂದರು. ನಾನು ಮೊದಲ ಬಾರಿ ಒಂದು ಸಂದರ್ಶನದಲ್ಲಿ ಪಾಸಾಗಿದ್ದೆ. ಬಿಟ್ಟು ಬರುವಾಗ ನನಗೂ ಸ್ವಲ್ಪ ಬೇಸರವಾಯಿತು.

ಮೂರನೆಯದು ಮಡಗಾಂವಿನಲ್ಲಿ, ಮೂರು ಮಹಡಿಯ ಸಣ್ಣ ಆಸ್ಪತ್ರೆ. ಅಲ್ಲಿನ ಮೇಟ್ರನ್ ಎಸ್ಪೆರಾನ್ಸಾ ಬಾಯಿ ಅರವತ್ತು ಮುಟ್ಟುತ್ತಿದ್ದ ಹೆಂಗಸು. ಕನ್ನಡಕದ ಮೇಲಿಂದ ನೋಡುತ್ತಿದ್ದರು. ನನ್ನ ಬಯೋಡೇಟಾ ಪೂರ್ತಿ ಓದಿದವರು ಇಡೀ ಗೋವಾದಲ್ಲಿ ಅವರೊಬ್ಬರೇ.

“ಈಜುತ್ತೀಯೋ? ಎಲ್ಲಿ?”

“ಜುವಾರಿ ನದಿಯಲ್ಲಿ,” ಅಂದುಬಿಟ್ಟೆ. ಬಾಯಿಗೆ ಬಂದ ಮೊದಲ ನೀರು ಅದು.

ಅವರು ಕನ್ನಡಕ ಸರಿ ಮಾಡಿಕೊಂಡು ಮುಂದಿನ ಸಾಲಿಗೆ ಹೋದರು. “ಕೊಂಕಣಿ ಬರುತ್ತದೆ ಅಂತ ಬರೆದಿದ್ದೀ. ಒಬ್ಬ ಮುದುಕ ನೋವಿನಿಂದ ಒದ್ದಾಡುತ್ತಿದ್ದಾನೆ. ಅವನಿಗೆ ಸಮಾಧಾನ ಹೇಳು.”

ಶಾಲೆಯಲ್ಲಿ ಕೊಂಕಣಿ ಕಲಿತವರು ಬೇರೆ. ನಾನು ಕಲಿತದ್ದು ಬಸ್ಸಿನಲ್ಲಿ, ಕಂಡಕ್ಟರರ ಬಾಯಿಂದ. ಆ ಹೊತ್ತಿಗೆ ನೆನಪಾದದ್ದೂ ಅದೇ. “ರಾವ್ ರಾವ್,” ಅಂದೆ. ತಾಳು ತಾಳು ಅಂತ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಫುಡೆಂ ವಚ್, ಫುಡೆಂ ವಚ್,” ಅಂತ ಸೇರಿಸಿದೆ. ಅಂದರೆ, ಮುಂದೆ ನಡಿ, ಮುಂದೆ ನಡಿ.

ಎಸ್ಪೆರಾನ್ಸಾ ಬಾಯಿ ಪೆನ್ನು ಕೆಳಗಿಟ್ಟರು. “ಒದ್ದಾಡುವ ಮುದುಕನಿಗೆ ನೀನು ಹೋಗು ಹೋಗು ಅಂದೆ. ಅವನು ಹೋಗೇಬಿಡುತ್ತಾನೆ,” ಅಂದರು. ನಗಲಿಲ್ಲ. ಅವರು ನಗುವುದು ಕಣ್ಣಿನ ಬದಿಯಲ್ಲಿ ಮಾತ್ರ ಅಂತ ಆಮೇಲೆ ಗೊತ್ತಾಯಿತು.

ಅಷ್ಟಕ್ಕೇ ಕಳಿಸುತ್ತಾರೆ ಅಂದುಕೊಂಡೆ. ಅವರು ಎದ್ದು ನನ್ನನ್ನು ಗಂಡಸರ ವಾರ್ಡಿಗೆ ಕರೆದುಕೊಂಡು ಹೋದರು. ಒಬ್ಬ ಭಾರಿ ಮೈಯ ಮುದುಕರನ್ನು ಮಂಚದಿಂದ ಕುರ್ಚಿಗೆ ಕೂಡಿಸಬೇಕಿತ್ತು. ಇಬ್ಬರು ಸಿಸ್ಟರುಗಳು ಹೆಣಗಾಡುತ್ತಿದ್ದರು. ಸಣ್ಣವನಿದ್ದಾಗ ಗ್ಯಾರೇಜಿನಲ್ಲಿ ಅಪ್ಪ ಹೇಳಿಕೊಟ್ಟ ಮಾತು ನನಗೆ ಗೊತ್ತಿತ್ತು: “ಬೆನ್ನಿಲೆ ಎತ್ತಬ್ಯಾಡ, ಮೊಣಕಾಲಿಲೆ ಎತ್ತು. ಜ್ಯಾಕ್ ಹೆಂಗ ಎತ್ತತೈತಿ ನೋಡು, ಸಾವಕಾಶ.” ಮುದುಕರ ಎದುರು ಕೂತು, ಅವರ ಕೈ ನನ್ನ ಹೆಗಲಿಗೆ ಹಾಕಿಸಿಕೊಂಡು, ಜ್ಯಾಕಿನ ಹಾಗೆ ಎದ್ದೆ. ಅವರು ಕುರ್ಚಿಗೆ ಕೂತು, ಅಂಗಿ ಸರಿ ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಚಹಾ ಕೇಳಿದರು.

“ಮೂರು ತಿಂಗಳು ನೋಡುತ್ತೇನೆ,” ಅಂದರು ಎಸ್ಪೆರಾನ್ಸಾ ಬಾಯಿ. “ಆ ಮೀಸೆ ಅರ್ಧ ಮಾಡಿಕೊಂಡು ಬಾ. ಜುವಾರಿಗೆ ಮಾತ್ರ ಇಳಿಯಬೇಡ.”

ಮನೆಯಲ್ಲಿ ಹೇಳಿದಾಗ ಅಪ್ಪ ಕೈ ಒರೆಸಿಕೊಳ್ಳುತ್ತ ಕೇಳಿದ, “ನರ್ಸ್ ಅಂತನ ಕರೀತಾರೇನು?”

“ಇಲ್ಲಪ್ಪ. ಹೆಣ್ಮಕ್ಕಳಿಗೆ ಸಿಸ್ಟರ್ ಅಂತಾರ, ನಮಗ ಬ್ರದರ್ ಅಂತಾರ.”

“ಚಲೋ ಆತು ಬಿಡು,” ಅಂದ. ಏನು ಚಲೋ ಆಯಿತೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಕ್ಕಿಲ್ಲ. ಅವ್ವ ಶಿರಾ ಮಾಡಿ ಹನ್ನೆರಡು ಬಾಗಿಲಿಗೂ ಹಂಚಿದಳು. “ಈರಣ್ಣಗ ಮಡಗಾಂವ ದವಾಖಾನ್ಯಾಗ ನೌಕರಿ ಆತು,” ಅಂತಷ್ಟೇ ಹೇಳುತ್ತ ಹೋದಳು. ಏನು ನೌಕರಿ ಅಂತ ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ನಾನು ಒಳಗೆ ಕೂತು ಶಿರಾ ತಿಂದೆ.

ಮರುದಿನದಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯೂನಿಫಾರ್ಮು ಚೀಲದಲ್ಲಿ ಅಡಗಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ಆಸ್ಪತ್ರೆಯಲ್ಲಿ ಬದಲಾಯಿಸಿಕೊಳ್ಳುವುದು, ಸಂಜೆ ಮತ್ತೆ ಡಾಕ್ಟರನಾಗಿ ಬಸ್ಸು ಇಳಿಯುವುದು. ವಾರ್ಡಿನಲ್ಲಿ ನಾನು ಮೈ ಒರೆಸುತ್ತಿದ್ದೆ, ಹಾಸಿಗೆ ಬದಲಿಸುತ್ತಿದ್ದೆ, ಬೆಡ್‌ಪ್ಯಾನ್ ಇಡುತ್ತಿದ್ದೆ, ಬಿಪಿ ಬರೆಯುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಚಾಳಿನಲ್ಲಿ ನನಗೆ ಸೈಕಲ್ಲು ಸರಿಸಿ ದಾರಿ ಬಿಡುತ್ತಿದ್ದರು. ಎರಡರ ನಡುವೆ ಮುಕ್ಕಾಲು ಗಂಟೆಯ ಬಸ್ಸಿನ ದಾರಿ ಇದ್ದುದರಿಂದ ನನಗೇನೂ ತೊಂದರೆಯಾಗಿರಲಿಲ್ಲ.

ಮೂರನೆಯ ವಾರ ಆ ದಾರಿಯನ್ನು ಸಾಬಣ್ಣ ಮೇಸ್ತ್ರಿ ದಾಟಿ ಬಂದ.

ಆ ಸಂಜೆ ಬಸ್ಸು ಇಳಿದು ಬಂದರೆ ಚಾಳಿನವರೆಲ್ಲ ಕಟ್ಟೆಯ ಮೇಲಿದ್ದರು. ಮೇಸ್ತ್ರಿ ಮಡಗಾಂವಿನಲ್ಲಿ ಕಟ್ಟುತ್ತಿದ್ದ ಮನೆಯ ಸಾರವೆಯಿಂದ ಮಧ್ಯಾಹ್ನದ ಮೇಲೆ ಬಿದ್ದು, ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಿದ್ದ. ಸುದ್ದಿ ಮುಟ್ಟಿದಾಗ ಕಮಲವ್ವ ಫೋನಿನಲ್ಲಿ ಅಂದಳಂತೆ, “ಬ್ಯಾರೆ ಎಲ್ಲೂ ಒಯ್ಯಬ್ಯಾಡ್ರಿ, ನಮ್ಮ ಈರಣ್ಣನ ದವಾಖಾನಿಗೇ ಒಯ್ರಿ.” ನಾನು ಈ ಕಡೆ ಬಸ್ಸು ಹತ್ತಿದ್ದೆ, ಅವನು ಆ ಕಡೆ ನಮ್ಮ ಆಸ್ಪತ್ರೆಗೆ ಸೇರಿದ್ದ. ಬೆಳಿಗ್ಗೆ ಆಪರೇಷನ್.

“ನಾಳಿ ನೀನ ಮಾಡಾವೇನು ಆಪರೇಷನ್?” ಅಂತ ಕಟ್ಟೆಯಿಂದ ಒಬ್ಬರು ಕೇಳಿದರು.

ಅಲ್ಲ ಅಂತ ಹೇಳಲು ದೇವರು ಕೊಟ್ಟ ಹೊತ್ತು ಅದು. ಹನ್ನೆರಡು ಬಾಗಿಲಿನವರೂ ಒಟ್ಟಿಗೆ ಇದ್ದರು, ಒಂದೇ ಸಲ ಹೇಳಿದರೆ ಮುಗಿಯುತ್ತಿತ್ತು. ನಾನು ಗಂಟಲು ಸರಿ ಮಾಡಿಕೊಂಡೆ. “ದೊಡ್ಡ ಡಾಕ್ಟರ್ ಮಾಡ್ತಾರ. ನಾನೂ ಇರ್ತೇನಿ,” ಅಂದೆ. ಎರಡೂ ಖರೇ ಮಾತು. ಎರಡು ಖರೇ ಮಾತು ಸೇರಿಸಿ ಅಷ್ಟು ದೊಡ್ಡ ಸುಳ್ಳು ಹೇಳಬಹುದು ಅಂತ ನನಗೆ ಅವತ್ತೇ ಗೊತ್ತಾದದ್ದು.

ಮರುದಿನ ಒಂಬತ್ತರ ಹೊತ್ತಿಗೆ ಮೇಸ್ತ್ರಿಯನ್ನು ಆಪರೇಷನ್ ಮುಗಿಸಿ ಸ್ಟ್ರೆಚರಿನಲ್ಲಿ ವಾರ್ಡಿಗೆ ತಂದರು. ನಾನು ಮುಖಕ್ಕೆ ಮಾಸ್ಕ್ ಹಾಕಿಕೊಂಡು, ತಲೆಗೆ ಟೊಪ್ಪಿಗೆ ಎಳೆದುಕೊಂಡು, ಎದುರಿನ ಸಾಲಿನ ಮಂಚಗಳನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ. ಹತ್ತು ನಿಮಿಷ ನಡೆಯಿತು ಈ ಆಟ.

“ಈರಣ್ಣಾ,” ಅಂದಳು ಮೇಸ್ತ್ರಿಯ ಮಂಚದ ಪಕ್ಕ ನಿಂತಿದ್ದ ಕಮಲವ್ವ. “ನಿನ್ನ ನಡಿಗಿ ಗೊತ್ತಿಲ್ಲೇನು ನನಗ?”

ಎದುರು ಮಂಚದವರು ಆಗಲೇ “ಬ್ರದರ್, ನೀರು” ಅಂತ ಕೂಗಿದರು. ಪಕ್ಕದವರು “ಬ್ರದರ್, ಫ್ಯಾನು” ಅಂದರು. ಕಮಲವ್ವ ಅದನ್ನು ಕೇಳಿಸಿಕೊಂಡು ಗಂಡನ ಕಿವಿಯ ಹತ್ತಿರ ಬಗ್ಗಿ ಹೇಳಿದಳು, “ನೋಡ್ರಿ, ಎಷ್ಟು ಸಾದಾ ಮನಷ್ಯಾ. ಡಾಕ್ಟರ್ ಆಗಿನೂ ಎಲ್ಲಾರ ಕಡೆಯಿಂದ ಅಣ್ಣ ಅನಿಸಿಕೊಳ್ತಾನ.” ಅಷ್ಟೇ ಹೇಳಿ ಸುಮ್ಮನಾಗಲಿಲ್ಲ. ಪಕ್ಕದ ಮಂಚದವರಿಗೆ ತನ್ನ ಅರ್ಧ ಹಿಂದಿಯಲ್ಲಿ, ಇವನು ನಮ್ಮ ಚಾಳಿನ ಡಾಕ್ಟರ್ ಅಂತ ಪರಿಚಯ ಮಾಡಿಕೊಟ್ಟಳು. ಅವರು ನನ್ನ ಕೈಯಲ್ಲಿದ್ದ ಬೆಡ್‌ಪ್ಯಾನ್ ನೋಡಿದರು. ಆದರೂ ಕೈ ಮುಗಿದರು. ಒಳ್ಳೆಯ ಜನ.

ಮಧ್ಯಾಹ್ನದ ತನಕ ಹೀಗೇ ತಳ್ಳಿದೆ. ಆಮೇಲೆ ನಿಜವಾದ ತೊಂದರೆ ಶುರುವಾಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದವರಲ್ಲಿ ಕೆಲವರಿಗೆ ಮೂತ್ರ ಕಟ್ಟುತ್ತದೆ. ಕಾಲಿಗೆ ಸ್ಪರ್ಶ ತಿರುಗಿ ಬಂದ ಮೇಲೆ ಮಲಗಿದಲ್ಲೇ ಬಾಟಲಿಯಲ್ಲಿ ಹೊಯ್ಯಬೇಕು. ಮೇಸ್ತ್ರಿಗೆ ಸ್ಪರ್ಶ ಬಂದಿತ್ತು, ಹೊಟ್ಟೆಯ ಕೆಳಭಾಗ ಉಬ್ಬಿತ್ತು, ಹಣೆಯ ಮೇಲೆ ಬೆವರಿತ್ತು. ಬಾಟಲಿ ಮಾತ್ರ ಮುಟ್ಟುತ್ತಿರಲಿಲ್ಲ. ಬಾಟಲಿ ತಂದಾಗಲೆಲ್ಲ “ಈಗ ಬಂದಿಲ್ಲ” ಅಂತ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ಎಸ್ಪೆರಾನ್ಸಾ ಬಾಯಿ ರೌಂಡ್ಸಿಗೆ ಬಂದವರು ಅವನ ಹೊಟ್ಟೆ ಮುಟ್ಟಿ ನೋಡಿದರು. “ಮೂರು ಗಂಟೆ ತನಕ ನೋಡು. ಆಗದಿದ್ದರೆ ನಳಿಕೆ ಹಾಕೋಣ,” ಅಂದರು ನನಗೆ. ನಳಿಕೆ ಎಲ್ಲಿಗೆ ಹಾಕುತ್ತಾರೆ ಅಂತ ಮೇಸ್ತ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಮುಖ ಬಿಳಿಚಿತು.

ಕಮಲವ್ವನನ್ನು ಚಹಾ ಕುಡಿದು ಬಾ ಅಂತ ಹೊರಗೆ ಕಳಿಸಿದೆ. ಮಂಚದ ಸುತ್ತ ಪರದೆ ಎಳೆದೆ. ಮಾಸ್ಕ್ ತೆಗೆದೆ.

“ಕಾಕಾ, ಬಾಟಲಿ ತಗೋರಿ. ನಾ ಹಿಡೀತೇನಿ.”

“ಬ್ಯಾಡ. ಇಡು ಅದನ್ನ ಕೆಳಗ. ನೀ ಹಿಡಕೊಂಡು ನಿಲ್ಲೂದಲ್ಲ ಅದು.”

“ಯಾಕ?”

“ಡಾಕ್ಟರ್ ಕೈಯಾಗ ಕೊಟ್ಟು ಉಚ್ಚಿ ಹೊಯ್ದ ಅಂತ ಮಂದಿ ಅನಬೇಕೇನು? ನಿಮ್ಮವ್ವನ ಮುಂದ ನಾಳೆ ಹೆಂಗ ಕುಂಡರಲಿ ನಾ? ಹೊಟ್ಟಿ ಒಡದ್ರೂ ಅಡ್ಡಿ ಇಲ್ಲ. ಆ ಕೆಲಸದವರು ಇರತಾರಲ್ಲ, ಅವರನ್ನ ಕಳಸು.”

ಆಗ ತಿಳಿಯಿತು ನನಗೆ. ಅವನ ಮೂತ್ರ ಕಟ್ಟಿದ್ದು ಬೆನ್ನಿನ ಇಂಜೆಕ್ಷನ್ನಿನಿಂದಲ್ಲ, ನನ್ನಿಂದ. ಬೆಳಿಗ್ಗೆಯಿಂದ ಒಬ್ಬ ಮನುಷ್ಯ ನನ್ನ ಸುಳ್ಳಿಗೆ ಮರ್ಯಾದೆ ಕೊಟ್ಟು ನರಳುತ್ತಿದ್ದ.

“ಕಾಕಾ,” ಅಂದೆ, “ಆ ಕೆಲಸದವ ನಾನ.”

“ದೊಡ್ಡ ಗುಣ ನಿಂದು,” ಅಂದ ಮೇಸ್ತ್ರಿ ಕಣ್ಣು ಮುಚ್ಚಿ.

“ದೊಡ್ಡ ಗುಣ ಅಲ್ರಿ. ನಾ ಡಾಕ್ಟರ್ ಅಲ್ಲ. ನರ್ಸ್ ಅದೇನಿ. ಇದ ನನ್ನ ಕೆಲಸ.”

“ನನ್ನ ಸಮಾಧಾನಕ್ಕ ಹೇಳಾಕತ್ತಿ. ಗೊತ್ತಾಕೈತಿ ನನಗ.”

ಮೂರು ವರ್ಷ ಅನಾಯಾಸವಾಗಿ ಡಾಕ್ಟರಾಗಿದ್ದವನಿಗೆ ಐದು ನಿಮಿಷ ನರ್ಸ್ ಆಗಲು ಅಷ್ಟು ಕಷ್ಟವಾಗುತ್ತದೆ ಅಂತ ಗೊತ್ತಿರಲಿಲ್ಲ. ಕೊರಳಿನ ಗುರುತಿನ ಚೀಟಿ ತೋರಿಸಿದೆ. ಅದು ಇಂಗ್ಲಿಷಿನಲ್ಲಿತ್ತು. ಫೋಟೋದಲ್ಲಿ ಟೈ ನೋಡಿ ಅವನ ನಂಬಿಕೆ ಮತ್ತೂ ಗಟ್ಟಿಯಾಯಿತು. ಕೊನೆಗೆ ಬೇರೆ ದಾರಿ ಕಾಣದೆ ಪರದೆಯ ಹೊರಗೆ ತಲೆ ಹಾಕಿ ಎಸ್ಪೆರಾನ್ಸಾ ಬಾಯಿಯವರನ್ನು ಕರೆದೆ. ನಾನು ಡಾಕ್ಟರ್ ಅಲ್ಲ ಅಂತ ಈ ರೋಗಿಗೆ ದಯವಿಟ್ಟು ಹೇಳಿ ಅಂತ ಕೇಳಿಕೊಂಡೆ. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಬೇಡಿಕೆ ಅವರಿಗೆ ಮೊದಲನೆಯದಿರಬೇಕು. ಕನ್ನಡಕದ ಮೇಲಿಂದ ನನ್ನನ್ನೊಮ್ಮೆ, ಮೇಸ್ತ್ರಿಯನ್ನೊಮ್ಮೆ ನೋಡಿದರು.

“ಯೇ ಡಾಕ್ಟರ್ ನಹೀಂ ಹೈ,” ಅಂದರು ಸ್ಪಷ್ಟವಾಗಿ, ಒಂದೊಂದೇ ಮಾತು ಬಿಡಿಸಿ. “ನರ್ಸ್ ಹೈ. ವೋ ಭೀ ನಯಾ.” ನರ್ಸು, ಅದೂ ಹೊಸಬ ಅಂತ ಹೇಳಿ ಪರದೆ ಸರಿಸಿ ಹೋದರು.

ಮೇಸ್ತ್ರಿ ನನ್ನನ್ನು ಬಹಳ ಹೊತ್ತು ನೋಡಿದ. ಗೋಡೆ ಓರೆ ಕಟ್ಟಿದ ಗೌಂಡಿಯನ್ನು ಅವನು ನೋಡುವ ನೋಟ ಅದು, ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ.

“ಹಂಗಾದ್ರ ನಮ್ಮ ನಾಲಿಗಿ ಯಾಕ ನೋಡ್ತಿದ್ದೆಲೇ?”

“ನೀವು ತೋರಿಸ್ತಿದ್ರಿ,” ಅಂದೆ. “ನೋಡ್ತಿದ್ದೆ.”

“ನೀರು ಭಾಳ ಕುಡೀರಿ ಅಂತಿದ್ದಿ.”

“ಅದು ಖರೇನ ರಿ. ಎಲ್ಲಾರಿಗೂ ಚಲೋ.”

“ಚಲೋ,” ಅಂದ ಮೇಸ್ತ್ರಿ. “ಆ ನೀರ ಈಗ ನನ್ನ ಜೀವಾ ತಗೊಳ್ಳಾಕತ್ತೈತಿ.” ಅಂದವನಿಗೆ ತಡೆಯಲಾಗದೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ನೋವಿಗೆ ಮುಖ ಕಿವುಚುತ್ತ, ಮಂಚ ಅಲ್ಲಾಡುವ ಹಾಗೆ ನಕ್ಕ. ನಗುತ್ತಲೇ ಕೈ ಚಾಚಿದ. “ತಾ ಲಗೂನ. ಹಿಡಿ. ಆ ಕೆಲಸದವ ಅದಿಯಲ್ಲ.”

ಹಿಡಿದೆ. ಮೂಲೆಯ ನಲ್ಲಿಯನ್ನು ಸಣ್ಣಗೆ ಬಿಟ್ಟು ಬಂದಿದ್ದೆ, ಅದು ಕಾಲೇಜಿನಲ್ಲಿ ಹೇಳಿಕೊಟ್ಟ ಉಪಾಯ. ನಲ್ಲಿ ಕೆಲಸ ಮಾಡಿತೋ ನಗು ಮಾಡಿತೋ ಗೊತ್ತಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ ಉದ್ದನೆಯ ಉಸಿರು ಬಿಟ್ಟ. ಎಷ್ಟು ಆಯಿತು ಅಂತ ಅಳೆದು ಬರೆಯಬೇಕು, ನಿಯಮ. ಏಳುನೂರು ಎಂಎಲ್ ಅಂತ ಬರೆದು ಕೆಳಗೆ ಸಹಿ ಹಾಕಿದೆ. ಎಷ್ಟೋ ಮಂದಿ ವೃತ್ತಿಯ ಮೊದಲ ಯಶಸ್ಸಿನ ನೆನಪಿಗೆ ಪದಕ ಇಟ್ಟುಕೊಳ್ಳುತ್ತಾರೆ. ನನ್ನದು ಆ ಕಾಗದದಲ್ಲಿ ಏಳುನೂರು ಎಂಎಲ್ ಆಗಿ ದಾಖಲಾಗಿದೆ.

ಡ್ಯೂಟಿ ಮುಗಿಸಿ ಹೊರಡುವಾಗ ಮೇಸ್ತ್ರಿಯನ್ನು ಕೇಳಿದೆ, “ಕಾಕಿಗೆ ಹೇಳ್ತೀರೇನು?”

“ನಾ ಹೇಳಲಿಲ್ಲಂದ್ರೂ ಆಕಿ ಕೇಳ್ತಾಳ,” ಅಂದ. “ಮೊದಲ ನೀ ಮನಿಗೆ ಹೋಗಿ ನಿಮ್ಮವ್ವಗ ಹೇಳು.”

ಅವತ್ತು ಯೂನಿಫಾರ್ಮು ಬಿಚ್ಚದೆ ಬಸ್ಸು ಹತ್ತಿದೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಇಸ್ತ್ರಿಯ ಅಂಗಿಯಲ್ಲೇ ಹೋದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

“ಅವ್ವಾ, ಮೇಸ್ತ್ರಿಗೆ ಗೊತ್ತಾತು.”

“ಏನು?”

“ನಾ ಡಾಕ್ಟರ್ ಅಲ್ಲ ಅಂತ.”

ಅವಳ ಕೈ ನಿಲ್ಲಲಿಲ್ಲ. “ನಾ ಯಾವಾಗ ಅಂದೇನಿ ಡಾಕ್ಟರ್ ಅಂತ? ಒಂದ್ ದಿನಾನೂ ಅಂದಿಲ್ಲ.” ಆ ರೊಟ್ಟಿ ಹಂಚಿಗೆ ಹೋಯಿತು, ಇನ್ನೊಂದು ಉಂಡೆ ಕೈಗೆ ಬಂತು. “ಅಲ್ಲ ಅಂತಾನೂ ಅನಲಿಲ್ಲ,” ಅಂದಳು, ಹಿಟ್ಟಿಗೆ ಹೇಳಿದ ಹಾಗೆ. “ಅನ್ನಬೇಕಂತಿದ್ದೆ. ಆಮ್ಯಾಲೆ ಎಲ್ಲಾರೂ ನನ್ನ ಡಾಕ್ಟರನ ಅವ್ವ, ಡಾಕ್ಟರನ ಅವ್ವ ಅಂತ ಮಾತಾಡಸಾಕತ್ತಿದ್ರು. ಬಾಯಿ ಬರಲಿಲ್ಲ.”

ನನಗೂ ಬಂದಿರಲಿಲ್ಲ. ಅದನ್ನು ಹೇಳಿದೆ.

“ಮತ್ತ ಅಲ್ಲಿ ಏನು ಮಾಡ್ತಿ ನೀ ದಿನಾ?” ಅಂತ ಕೇಳಿದಳು. ಆ ತನಕ ಅವಳು ಕೇಳಿರಲಿಲ್ಲ. ಬೆಳಿಗ್ಗೆ ಎಂಟರಿಂದ ಶುರು ಮಾಡಿದೆ. ಮೈ ಒರೆಸುವುದು, ಗುಳಿಗೆ ಕೊಡುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ತಿರುಗಿಸುವುದು, ಉಣ್ಣಲಾಗದವರಿಗೆ ಉಣಿಸುವುದು. ಬೆಡ್‌ಪ್ಯಾನಿನ ಮಾತನ್ನು ಒಂದೇ ಉಸಿರಿನಲ್ಲಿ ದಾಟಿಸಿದೆ. ಅವಳು ಕೇಳಿಸಿಕೊಂಡಳು. ಕಡೆಗೆ, “ಕೈ ಚಲೋತಂಗ ತೊಳಕೊಳ್ತಿಯಿಲ್ಲೋ?” ಅಂದಳು. ತೊಳೆದುಕೊಳ್ಳುತ್ತೇನೆ ಅಂದೆ. “ಕುಂದರು, ಉಣ್ಣು,” ಅಂದಳು.

ಎರಡು ದಿನದಲ್ಲಿ ಚಾಳಿನ ಕಟ್ಟೆಯ ಮೇಲೆ ನಾಲಿಗೆ ಚಾಚುವುದು ನಿಂತುಹೋಯಿತು. ಯಾರೂ ಬೈಯಲಿಲ್ಲ, ನನ್ನ ಎದುರಿಗೆ ನಗಲೂ ಇಲ್ಲ. ದಾರಿಗೆ ಅಡ್ಡ ನಿಂತ ಸೈಕಲ್ಲನ್ನು ಮಾತ್ರ ನಾನೇ ಸರಿಸಿಕೊಳ್ಳಬೇಕಾಗಿ ಬಂತು. ಮೂರು ತಿಂಗಳು ಮುಗಿದ ಮೇಲೆ ಎಸ್ಪೆರಾನ್ಸಾ ಬಾಯಿ ಕೆಲಸ ಪಕ್ಕಾ ಮಾಡಿದ ಕಾಗದ ಕೊಟ್ಟರು, ಮೀಸೆಯ ಉಳಿದರ್ಧವನ್ನೂ ತೆಗೆಯಬಹುದು ಅಂದರು. ಆದರೆ ನನಗೆ ಕೆಲಸ ಸಿಕ್ಕಿತು ಅಂತ ಅನ್ನಿಸಿದ್ದು ಅವತ್ತಲ್ಲ. ಅದಕ್ಕೂ ಮೊದಲು, ಮೇಸ್ತ್ರಿ ಇನ್ನೂ ವಾರ್ಡಿನಲ್ಲಿದ್ದ ಆ ಭಾನುವಾರ.

ಆಸ್ಪತ್ರೆಯ ಗಂಜಿ ಮೇಸ್ತ್ರಿಯ ಗಂಟಲಿಗೆ ಇಳಿಯುತ್ತಿರಲಿಲ್ಲ. ಅವ್ವ ರೊಟ್ಟಿ, ಚಟ್ನಿ ಗಂಟು ಕಟ್ಟಿಕೊಂಡು ಭೇಟಿಯ ಹೊತ್ತಿಗೆ ಬಂದಳು. ಬರುತ್ತೇನೆ ಅಂತ ನನಗೆ ಹೇಳಿರಲಿಲ್ಲ. ನಾನು ಬಾಗಿಲ ಹತ್ತಿರದ ಮಂಚದಲ್ಲಿ ಕಾಯತಾನ್ ಅನ್ನುವ ಮುದುಕರ ಕಾಲುಗುರು ಕತ್ತರಿಸುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ, ಚರ್ಮಕ್ಕೆ ಕತ್ತರಿ ಚೂರು ತಾಗಿದರೂ ಹುಣ್ಣಾಗುತ್ತದೆ. ಅವರ ಪಾದ ನನ್ನ ತೊಡೆಯ ಮೇಲಿತ್ತು, ನನ್ನ ಕಣ್ಣು ಉಗುರಿನ ಮೇಲಿತ್ತು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅಂತ ಗೊತ್ತಾಗಿತ್ತು, ಯಾರು ಅಂತ ತಲೆ ಎತ್ತಿ ನೋಡಿರಲಿಲ್ಲ.

“ಕೋಣ್ ಗೋ ತೂಂ?” ಅಂತ ಕೇಳಿದರು ಕಾಯತಾನ್ ಮಾಮ. ಯಾರಮ್ಮ ನೀನು ಅಂತ.

ಅವ್ವ ರೊಟ್ಟಿ ಮಾರಿ ಕಲಿತ ಕೊಂಕಣಿ ನನ್ನ ಬಸ್ಸಿನ ಕೊಂಕಣಿಗಿಂತ ಬಹಳ ಮೇಲು. ತಡವರಿಸದೆ ಹೇಳಿದಳು, “ಹಾಂವ್ ಬ್ರದರಾಚಿ ಆವಯ್.”

ನಾನು ಬ್ರದರನ ಅವ್ವ ಅಂತ.

ಕಾಯತಾನ್ ಮಾಮ ಕೈ ನೀಡಿ ಪಕ್ಕದ ಸ್ಟೂಲು ಎಳೆದು, ಮೇಲಿದ್ದ ತಮ್ಮ ಟವೆಲ್ಲು ತೆಗೆದು, ಕೂತುಕೊಳ್ಳಲು ಹೇಳಿದರು. ಅವ್ವ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಇನ್ನೂ ಮೂರು ಉಗುರು ಉಳಿದಿದ್ದವು. ಅವಳು ನೋಡುತ್ತಿದ್ದಳಾದ್ದರಿಂದ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನಾಜೂಕಾಗಿ, ಆ ಮೂರನ್ನೂ ಕತ್ತರಿಸಿದೆ.